ಪಟ್ಟದ ಗೊಂಬೆಗೆ ಮೀಸೆ ಬರೆದದ್ದು

ಕಲೆಯ ಬಗ್ಗೆ ನನಗಿದ್ದ ಗೌರವ ಎಷ್ಟೆಂದರೆ, ಮೂವತ್ತೈದು ತುಂಬುವವರೆಗೂ ನಾನು ಅದರ ತಂಟೆಗೆ ಹೋಗಿರಲಿಲ್ಲ. ಕಲೆಯೂ ಕ್ಷೇಮವಾಗಿತ್ತು, ನಾನೂ ಕ್ಷೇಮವಾಗಿದ್ದೆ. ಹೀಗಿರುವಾಗ ಯಲಹಂಕ ಉಪನಗರದ ನಮ್ಮ ಬಾಡಿಗೆ ಮನೆಗೆ ಇಂಟರ್‌ನೆಟ್ ಬಂತು. ಅದರಲ್ಲಿ ಯಾರೋ ವಿದೇಶೀಯರು ಹೆಬ್ಬೆರಳಿನಷ್ಟು ಎತ್ತರದ ಯೋಧನಿಗೆ ಬಣ್ಣ ಹಚ್ಚುತ್ತಿದ್ದರು. ವಿಡಿಯೊ ಹನ್ನೆರಡು ನಿಮಿಷದ್ದು. ಆದ್ದರಿಂದ ಇದು ಹನ್ನೆರಡು ನಿಮಿಷದ ಕೆಲಸವೆಂದು ನಾನು ತೀರ್ಮಾನಿಸಿದೆ. ನಮ್ಮ ವಂಶದ ಮೊಟ್ಟಮೊದಲ ಪದವೀಧರನಿಗೆ ಅಷ್ಟು ತರ್ಕ ಸಾಲದೇ!

ಇದರ ಹಿಂದೆ ಒಂದು ಹಳೆಯ ಆಸೆಯೂ ಇತ್ತು. ನಾನು ಚಿಕ್ಕವನಿದ್ದಾಗ ಭಾನುವಾರ ಬೆಳಿಗ್ಗೆ ಟಿ.ವಿ.ಯಲ್ಲಿ ರಾಜರ ಧಾರಾವಾಹಿಯೊಂದು ಬರುತ್ತಿತ್ತು. ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲವಾದ್ದರಿಂದ ಮನೆ ಮಾಲೀಕರ ಕಿಟಕಿಯ ಸರಳು ಹಿಡಿದುಕೊಂಡು ನೋಡುತ್ತಿದ್ದೆ. ಎರಡು ಬಾಣಗಳು ಆಕಾಶದಲ್ಲಿ ಎದುರುಬದುರಾಗಿ ಬಂದು, ಇನ್ನೇನು ತಾಗಬೇಕು ಎನ್ನುವಾಗ ಮಾಲೀಕರ ಹೆಂಡತಿ ಕಿಟಕಿ ಮುಚ್ಚುತ್ತಿದ್ದರು. ಯಾವ ಬಾಣ ಗೆದ್ದಿತೆಂಬುದು ನನಗೆ ಇಂದಿಗೂ ತಿಳಿಯದು. ಅವರ ಮಗನ ಬಳಿ ಹಸಿರು ಪ್ಲಾಸ್ಟಿಕ್ ಸಿಪಾಯಿಗಳಿದ್ದವು. ನೋಡಲು ನನಗೆ ಅವಕಾಶವಿತ್ತು, ಮುಟ್ಟಲು ಇರಲಿಲ್ಲ.

ಯಶವಂತಪುರದ ಅಂಗಡಿಯಿಂದ ಅಂಥದೇ ಸಿಪಾಯಿಗಳ ಪೊಟ್ಟಣವೊಂದನ್ನು ತಂದೆ. ರಾಜಾಧಿರಾಜರಿಗೆ ಬಂದೂಕು ಶೋಭಿಸದಾದ್ದರಿಂದ ಅವನ್ನು ಬ್ಲೇಡಿನಿಂದ ಕತ್ತರಿಸಿ, ಪೊರಕೆಕಡ್ಡಿಯ ಬಿಲ್ಲುಗಳನ್ನು ಅಂಟಿಸಿದೆ. ಹೆಲ್ಮೆಟ್ಟಿನ ಸುತ್ತ ಸಾಸಿವೆ ಕಾಳು ಕೂರಿಸಿ ಕಿರೀಟವೆಂದು ಘೋಷಿಸಿದೆ. ಬಣ್ಣಕ್ಕೆ ಹಾರ್ಡ್‌ವೇರ್ ಅಂಗಡಿಯ ಎನಾಮೆಲ್. ಒಂದೇ ಲೇಪಕ್ಕೆ ಮಹಾರಾಜರ ಕಣ್ಣು, ಮೂಗು, ಬಾಯಿಗಳು ಮುಳುಗಿ ಅದೃಶ್ಯವಾದವು.

ನನ್ನ ಹೆಂಡತಿ ಗಿರಿಜಾ ಬಗ್ಗಿ ನೋಡಿದಳು. "ರೀ, ಇದೇನು? ಸುಟ್ಟಗಾಯನಾ?"

"ಇವರು ಮಹಾರಾಜರು."

"ಅಯ್ಯೋ ಪಾಪ," ಎಂದು ಒಳಗೆ ಹೋದಳು.

ನಾನು ಧೃತಿಗೆಡಲಿಲ್ಲ. ಎನಾಮೆಲ್ ಬಿಟ್ಟು, ನೀರಿನಲ್ಲಿ ಕರಗುವ ಬಣ್ಣ ತಂದೆ. ಮೂರು ತಿಂಗಳ ಭಾನುವಾರಗಳನ್ನು ಧಾರೆಯೆರೆದೆ. ಇಪ್ಪತ್ತಮೂರನೆಯ ಸೈನಿಕನ ಹೊತ್ತಿಗೆ ಎರಡೂ ಕಣ್ಣುಗಳು ಒಂದೇ ದಿಕ್ಕಿಗೆ ನೋಡತೊಡಗಿದವು. ಅವನನ್ನು ಕಚೇರಿಗೆ ಒಯ್ದಾಗ ಪಕ್ಕದ ಮೇಜಿನ ನಾಗೇಶ್, "ಗುರು, ಸೂಪರಾಗಿದೆ! ಯಾವ್ ಅಂಗಡೀದು?" ಎಂದ. ಆ ಒಂದು ಪ್ರಶ್ನೆ ನನ್ನನ್ನು ಪೂರ್ತಿ ಕೆಡಿಸಿತು.

ಅಷ್ಟರಲ್ಲಿ ದಸರಾ ಬಂತು. ಗಿರಿಜಾಳ ತವರಿನಲ್ಲಿ ಗೊಂಬೆ ಕೂರಿಸುವ ಪದ್ಧತಿ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಕೂರಿಸಲು ಗೊಂಬೆಯೂ ಇರಲಿಲ್ಲ, ಮೆಟ್ಟಿಲು ಜೋಡಿಸಲು ಜಾಗವೂ ಇರಲಿಲ್ಲ. ಇದನ್ನು ನಾನು ಅತ್ತೆಯ ಮನೆಯಲ್ಲಿ ಎಂದೂ ಹೇಳಿಕೊಂಡವನಲ್ಲ. ತಿಳಿಯದ ವಿಷಯ ಬಂದಾಗ ಗಂಭೀರವಾಗಿ ತಲೆಯಾಡಿಸುವುದು ನಾನು ಕಾಲೇಜಿನಲ್ಲಿ ಕಲಿತ ಮುಖ್ಯ ವಿದ್ಯೆ. ಅಲ್ಲಿ ಮೇಲಿನ ಮೆಟ್ಟಿಲಲ್ಲಿ ರೇಷ್ಮೆ ಉಟ್ಟು, ಒಡವೆ ತೊಟ್ಟು ನಿಂತಿರುತ್ತಿದ್ದ ಪಟ್ಟದ ಗೊಂಬೆಗಳಾದ ರಾಜ-ರಾಣಿಯರನ್ನು ವರ್ಷವರ್ಷವೂ ನೋಡಿದ್ದೆ, ತಲೆಯಾಡಿಸಿದ್ದೆ, ಕೋಸಂಬರಿ ತಿಂದಿದ್ದೆ.

ಅತ್ತೆಯವರು ತೀರಿಕೊಂಡು ವರ್ಷವಾಗಿತ್ತು. ಅವರ ಗೊಂಬೆಪೆಟ್ಟಿಗೆ ನಮ್ಮ ಮನೆಗೆ ಬಂದಿತ್ತು. ಗಿರಿಜಾ ಮೊದಲ ಬಾರಿಗೆ ತಾನೇ ಗೊಂಬೆ ಕೂರಿಸುವವಳಿದ್ದಳು. ಹಬ್ಬದ ಹಿಂದಿನ ಭಾನುವಾರ, ಮೆಟ್ಟಿಲಿಗೆ ಹಲಗೆ ತರಲೆಂದು ಅಟ್ಟೂರಿನ ಚಿಕ್ಕಮ್ಮನ ಮನೆಗೆ ಹೋದಳು. ಅವಳಿಗೊಂದು ಆಶ್ಚರ್ಯ ಕಾದಿರಲಿ ಎಂದು ನಾನು ಪೆಟ್ಟಿಗೆ ತೆರೆದೆ.

ಒಳಗೆ ಹಳೆಯ ಪಂಚೆಯಲ್ಲಿ ಸುತ್ತಿದ ಎರಡು ಮರದ ಗೊಂಬೆಗಳು. ಬಟ್ಟೆಯಿಲ್ಲ, ಒಡವೆಯಿಲ್ಲ. ಕಪ್ಪಗೆ, ಬೋಳಾಗಿ, ಮೂಗು ಸವೆದು ಕಣ್ಣು ಅಳಿಸಿಹೋಗಿದ್ದವು. 'ಛೆ, ಬಣ್ಣವೆಲ್ಲ ಉದುರಿದೆ' ಎಂದು ಮರುಗಿದೆ. ಅವಕ್ಕೆ ಯಾರೂ ಎಂದೂ ಬಣ್ಣ ಹಚ್ಚಿರಲೇ ಇಲ್ಲ, ಹಚ್ಚುವುದೂ ಇಲ್ಲ ಎಂಬುದನ್ನು ನಾನು ಬಲ್ಲವನಲ್ಲ. ಉಪ್ಪುಕಾಗದದಿಂದ ಉಜ್ಜಿದೆ. ಬಿಳಿಯ ಲೇಪ ಕೊಟ್ಟೆ. ಮುಖಕ್ಕೆ ಗುಲಾಬಿ ಬಣ್ಣ, ರಾಣಿಯ ತುಟಿಗೆ ಕೆಂಪು, ರಾಜನಿಗೆ ಕಿವಿಯವರೆಗೂ ಮೀಸೆ. ಕೊನೆಗೆ ವಾರ್ನಿಷ್. ಫಳಫಳ!

ಸಂಜೆ ಗಿರಿಜಾ ಹಲಗೆಯೊಂದಿಗೆ ಬಂದು ಬಾಗಿಲಲ್ಲೇ ನಿಂತಳು.

"ಇವು ಯಾರ್ರೀ?"

"ನಿಮ್ಮಮ್ಮನ ಗೊಂಬೆಗಳೇ! ಗುರುತೇ ಸಿಗ್ಲಿಲ್ಲ ಅಲ್ವಾ?"

ಅವಳು ಹಲಗೆಯನ್ನು ನೆಲಕ್ಕಿಟ್ಟಳು. "ಅಮ್ಮ ಪ್ರತಿ ವರ್ಷ ಇವಕ್ಕೆ ಎಣ್ಣೆ ಹಚ್ಚಿ ಒರೆಸ್ತಿದ್ಳು. ಅಮ್ಮನಿಗಿಂತ ಮುಂಚೆ ಅಜ್ಜಿ. ಆ ಮೂಗು ಸವೆದಿದ್ದು ಅವರ ಬೆರಳಿಂದ ಕಣ್ರೀ." ಗೊಂಬೆ ಸುತ್ತಿದ್ದ ಪಂಚೆಯನ್ನು ಮಡಿಸುತ್ತ, "ಒಂದ್ ಮಾತು ಕೇಳ್ಬಹುದಿತ್ತಲ್ಲ," ಎಂದಳು.

ಬೈದಿದ್ದರೆ ಸಹಿಸಬಹುದಿತ್ತು. ನಾನು ಕೂಡಲೇ ಪರಿಹಾರ ಕಾರ್ಯಾಚರಣೆ ಕೈಗೊಂಡೆ. ಥಿನ್ನರ್ ತಂದು ಒರೆಸಿದೆ. ಬಣ್ಣದೊಂದಿಗೆ ಎರಡು ತಲೆಮಾರಿನ ಎಣ್ಣೆಯ ಕಪ್ಪೂ ಬಟ್ಟೆಗೆ ಬಂತು. ಕೆಳಗೆ ಪೇಲವವಾದ ಬರಿಯ ಮರ. ಅಜ್ಜಿಯೂ ಹೋದರು, ಅತ್ತೆಯೂ ಹೋದರು. ಮೀಸೆ ಮಾತ್ರ ಹೋಗಲಿಲ್ಲ!

ಹಬ್ಬದ ಮೊದಲ ದಿನ ಚಿಕ್ಕಮ್ಮ ಬಂದರು, ಗೊಂಬೆಗೆ ಉಡಿಸಲೆಂದು ತಮ್ಮ ಅಕ್ಕನ ಸೀರೆಯ ತುಂಡೊಂದನ್ನು ಹಿಡಿದುಕೊಂಡು. ಮೇಲಿನ ಮೆಟ್ಟಿಲನ್ನು ನೋಡಿದವರೇ ಎದೆಯ ಮೇಲೆ ಕೈಯಿಟ್ಟರು.

"ಇದೇನೇ ಗಿರಿಜಾ, ಅಕ್ಕನ್ ಗೊಂಬೆ ಇಂಗಾಗೈತೆ?"

ಗಿರಿಜಾ ನನ್ನತ್ತ ನೋಡಿದಳು. ನಾನು ನೆಲವನ್ನು ನೋಡಿದೆ.

"ಒಬ್ಬ ಪೇಂಟರ್ ಕೈಗೆ ಸಿಕ್ಬಿಡ್ತು ಚಿಕ್ಕಮ್ಮ," ಎಂದಳು.

"ಅವನ್ ಕೈ ಸೇದೋಗ! ಕೇಳಾಕ್ ಬಾಯಿರ್ಲಿಲ್ವಾ ಆ ಮುಂಡೇದ್ಕೆ? ಅಳಿಯಂದ್ರೇ, ನೀವು ಓದಿದೋರು. ಮನೇಲಿದ್ದು ಏನ್ ಮಾಡ್ತಿದ್ರಿ?"

ಸತ್ಯ ನುಡಿಯಲು ಇದಕ್ಕಿಂತ ಪ್ರಶಸ್ತವಾದ ಸಮಯ ಸಿಗದು. ನಾನು ಗಂಟಲು ಸರಿಪಡಿಸಿಕೊಂಡೆ.

"ಏನು ಮಾಡುವುದು ಚಿಕ್ಕಮ್ಮ, ಅಂಥವರಿಗೆ ಹಿರಿಯರ ವಸ್ತುವಿನ ಬೆಲೆಯೇ ತಿಳಿದಿರುವುದಿಲ್ಲ. ಅಜ್ಞಾನ, ಮೇಲೆ ಅಹಂಕಾರ. ಅವನನ್ನು ಮನೆಯೊಳಗೆ ಬಿಟ್ಟುಕೊಂಡದ್ದೇ ತಪ್ಪು!"

"ಸರಿಯಾಗ್ ಯೋಳುದ್ರಿ," ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡು, ಸೀರೆಯ ತುಂಡನ್ನು ರಾಣಿಗೆ ಸುತ್ತಿ, ಸೆರಗನ್ನು ಮುಖ ಮುಚ್ಚುವಂತೆ ಎಳೆದರು. ರಾಜನನ್ನು ಅವರು ಮುಟ್ಟಲೇ ಇಲ್ಲ.

ಚಿಕ್ಕಮ್ಮ ಹೊರಟ ಮೇಲೆ ಗಿರಿಜಾ ಗೊಂಬೆಗಳ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತ, ನನ್ನತ್ತ ತಿರುಗದೆಯೇ ಹೇಳಿದಳು: "ಎಷ್ಟ್ ಚೆನ್ನಾಗ್ ಬೈದ್ರಿ ರೀ. ನಾನ್ ಬೈಯೋದಕ್ಕೆ ಏನೂ ಉಳೀಲಿಲ್ಲ."

ಅವಳು ನಗುತ್ತಿರಲಿಲ್ಲ. ಆದರೂ ಒಪ್ಪಿಕೊಳ್ಳಬೇಕು: ಆ ಹಬ್ಬದಲ್ಲಿ ನಾನು ಮಾಡಿದ ಕೆಲಸಗಳ ಪೈಕಿ ಒಂದೂ ತಪ್ಪಿಲ್ಲದೆ ನೆರವೇರಿದ್ದು ಆ ಬೈಗುಳವೊಂದೇ.