ಕಾಯಿ ಬಿಡದ ಮರಕ್ಕೊಂದು ಗದರಿಕೆ

ನಾನು ಎಷ್ಟೇ ಅಚ್ಚುಕಟ್ಟಾಗಿ ಯೋಜನೆ ಹಾಕಿಕೊಂಡು ಹೊರಟರೂ ಪ್ರವಾಸಗಳು ಮಾತ್ರ ನನ್ನ ಮಾತು ಕೇಳುವುದಿಲ್ಲ. ಮದುವೆಯಾದಾಗಿನಿಂದಲೂ ಹೀಗೇ. ಈ ಸಲ ಹೋದದ್ದು ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಗೆ. ತೋಟ ನೋಡುವುದು, ಆ ಕಡೆಯ ಊಟ ಉಣ್ಣುವುದು ನೆಪ. ನಿಜವಾದ ಕಾರಣ ಮೈಸೂರಿನ ನಮ್ಮ ಮನೆಯ ಅಂಗಳದ ತೆಂಗಿನ ಮರ. ನಾನೇ ನೆಟ್ಟು ನಾನೇ ನೀರೆರೆದ ಮರ. ಮಹಡಿಯನ್ನು ಮೀರಿ ಬೆಳೆಯಿತು. ಒಂದೇ ಒಂದು ಕಾಯಿ ಬಿಡಲಿಲ್ಲ. ನಮ್ಮ ಯಜಮಾನರಿಗೆ ಆ ಜಾಗದಲ್ಲಿ ಕಾರಿಗೊಂದು ಶೆಡ್ ಬೇಕು.

"ತೆಂಗಿನ ಸೀಮೆಯವರನ್ನೇ ಕೇಳೋಣ. ಅವರಿಗೂ ಉಪಾಯ ಗೊತ್ತಿಲ್ಲ ಅಂದರೆ ವಾಪಸ್ ಬಂದ ತಕ್ಷಣ ಕಡಿಸುವುದೇ," ಎಂದು ಕಾರು ಹತ್ತುವ ಮೊದಲೇ ಹೇಳಿದರು. ನಾನು ಕಾನ್ವೆಂಟಿನಲ್ಲಿ ಓದಿದವಳು; ಕೊಟ್ಟ ಮಾತಿಗೆ ತಪ್ಪುವ ಅಭ್ಯಾಸವಿಲ್ಲ. ಆದ್ದರಿಂದ ತುಂಬ ಯೋಚಿಸಿ ಒಪ್ಪಿದೆ.

ತೊಟ್ಟಿಲಲ್ಲಿರುವ ಕಾಯಿ

ತುರುವೇಕೆರೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ತೆಂಗು ಬಿಟ್ಟರೆ ಬೇರೇನಿಲ್ಲ. ಬಿಸಿಲು ಗರಿಗಳಲ್ಲಿ ಸೋಸಿಕೊಂಡು ಕಾರಿನೊಳಕ್ಕೆ ಹಸಿರಾಗಿ ಇಳಿಯುತ್ತಿತ್ತು. ಯಾವುದೋ ತಿಳಿಯಾದ ಕೆರೆಯ ತಳದಲ್ಲಿ ಮೆಲ್ಲಗೆ ಸಾಗುತ್ತಿದ್ದೇವೆ ಅನ್ನಿಸಿತು. ಕೆರೆಯ ತಳದಲ್ಲಿದ್ದರೂ ಬಾಯಾರಿಕೆಯಾಯಿತು. ತೋಟವೊಂದರ ಬಳಿ ಕಾರು ನಿಲ್ಲಿಸಿ, ಕಾಯಿ ಗುಡ್ಡೆ ಹಾಕುತ್ತಿದ್ದ ರೈತರೊಬ್ಬರನ್ನು ಎರಡು ಎಳನೀರು ಕೇಳಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಮ್ಮಾ, ಇವು ಕೊಬ್ರಿಗೆ ಬುಟ್ಟಿರೋವು. ಮರದ ಮ್ಯಾಲೆ ಬಲೀಬೇಕು, ಆಮ್ಯಾಕೆ ಅಟ್ಟದ ಮ್ಯಾಲೆ ಒಣಗ್ಬೇಕು. ಈಗ್ಲೇ ಕಿತ್ಕೊಡು ಅಂದ್ರೆ, ತೊಟ್ಟಿಲಲ್ಲಿರೋ ಮಗೀನ ಕೂಲಿಗೆ ಕಳ್ಸು ಅಂದಂಗಾಯ್ತದೆ."

"ಹಾಗಾದರೆ ಬಾಯಾರಿದಾಗ ನೀವೇನು ಕುಡಿಯುತ್ತೀರಿ?"

"ಟೀ ಕಣಮ್ಮ."

ಕಣ್ಣು ಹಾಯುವವರೆಗೂ ಹಬ್ಬಿದ ತೆಂಗಿನ ನೆರಳಿನಲ್ಲಿ ಕೂತು, ಬಿಸಿ ಬಿಸಿ ಟೀ ಕುಡಿದು ಮುಂದೆ ಹೊರಟೆವು.

ಬರಿದಾದ ಎಲೆ

ನಾವು ಇಳಿದುಕೊಂಡದ್ದು ಹಂದನಕೆರೆಯ ಬಳಿ ಒಂದು ತೋಟದ ಮನೆಯಲ್ಲಿ. ಅತ್ತೆ, ಸೊಸೆ ಇಬ್ಬರೇ ಸೇರಿ ನಮ್ಮಂಥ ಪ್ರವಾಸಿಗಳಿಗೆ ಊಟ, ವಸತಿ ಕೊಡುತ್ತಾರೆ. ಅತ್ತೆಯನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಮಧ್ಯಾಹ್ನ ಬಾಳೆಲೆಯ ಮೇಲೆ ರಾಗಿಮುದ್ದೆ, ಸೊಪ್ಪಿನ ಬಸ್ಸಾರು, ಮೇಲೆ ತುಪ್ಪ. ಕೊನೆಗೆ ಒತ್ತುಶ್ಯಾವಿಗೆ, ಅದರ ಮೇಲೆ ಏಲಕ್ಕಿ ಹಾಕಿದ ಬೆಲ್ಲದ ಕಾಯಿಹಾಲು. ಆ ಕಾಯಿಹಾಲಿನ ಮೊದಲ ಗುಟುಕಿಗೆ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಬಾಲ್ಯದ ಯಾವುದೋ ಬೇಸಿಗೆ ನಾಲಿಗೆಯ ಮೇಲೆ ಕರಗಿದಂತಾಯಿತು.

ಕಣ್ಣು ತೆರೆದೆ. ತಟ್ಟೆಯಲ್ಲಿ ಅಗುಳು ಬಿಡಬಾರದೆಂದು ನಮ್ಮ ಶಾಲೆಯ ಸಿಸ್ಟರುಗಳು ಕಲಿಸಿದ್ದಾರೆ. ಎಲೆಯನ್ನು ಬಳಿದು ಚೊಕ್ಕಟ ಮಾಡಿದೆ. ಸೊಸೆ ಬಂದು ಇನ್ನೊಂದು ಹಿಡಿ ಶ್ಯಾವಿಗೆ ಹಾಕಿದಳು. ಅದನ್ನೂ ಚೊಕ್ಕಟ ಮಾಡಿದೆ. ಮತ್ತೆ ಹಾಕಿದಳು. "ಸಾಕು" ಎಂದೆ.

"ನಾಚ್ಕಬ್ಯಾಡಿ ಉಣ್ಣಿ ಅಮ್ಮಾರೆ," ಎಂದು ಮತ್ತೊಂದು ಸೌಟು ಕಾಯಿಹಾಲು ಸುರಿದಳು.

ಶಿಸ್ತನ್ನು ಬಿಡಲಾರೆ, ಹೊಟ್ಟೆಯಲ್ಲಿ ಜಾಗವಿಲ್ಲ. ನನ್ನ ಹಣೆಯ ಮೇಲಿನ ಬೆವರು ನೋಡಿ ಯಜಮಾನರು ಪಿಸುಗುಟ್ಟಿದರು: "ಲೇ, ಇವರ ಕಡೆ ಎಲೆ ಬರಿದಾದರೆ ಇನ್ನೂ ಹಸಿವಿದೆ ಅಂತ ಅರ್ಥ ಕಣೇ. ಸ್ವಲ್ಪ ಬಿಡು."

ಜೀವನದಲ್ಲಿ ಮೊದಲ ಬಾರಿಗೆ ಎಲೆಯ ಮೇಲೆ ಒಂದು ಎಳೆ ಶ್ಯಾವಿಗೆ ಬಿಟ್ಟೆ. ಸೊಸೆ ಅದನ್ನು ನೋಡಿದಳು. ಮುಖ ಸಣ್ಣದಾಯಿತು.

"ಯಾಕಮ್ಮಾರೆ, ಚೆನ್ನಾಗಿರ್ಲಿಲ್ವಾ?"

ಉತ್ತರವಾಗಿ ಆ ಎಳೆಯನ್ನೂ ತಿಂದೆ. ಅವಳು ಸಂತೋಷದಿಂದ ಇನ್ನೊಂದು ಹಿಡಿ ತಂದಳು.

ಅಟ್ಟದ ಸದ್ದು

ಅಂಥ ಊಟದ ಮೇಲೆ ನಿದ್ದೆಯನ್ನು ನಾವು ಮಾಡಲಿಲ್ಲ, ಅದೇ ಬಂದು ನಮ್ಮನ್ನು ಕರೆದುಕೊಂಡು ಹೋಯಿತು. ನಡುಮನೆಯಲ್ಲಿ ಚಾಪೆ. ತಲೆಯ ಮೇಲೆ ಸೀಳಿದ ಬಿದಿರಿನ ದಬ್ಬೆಗಳ ಅಟ್ಟ, ಅದರ ತುಂಬ ಒಣಗುತ್ತಿರುವ ಕಾಯಿ. ದಬ್ಬೆಗಳ ಸಂದಿಯಲ್ಲಿ ಅವು ಕತ್ತಲೆಯಂತೆ ಒತ್ತಿಕೊಂಡು ಮಲಗಿದ್ದವು. ಹೊರಗೆ ಗರಿಗಳ ಸುಯ್ ಸುಯ್.

"ಇವು ಬಿದ್ದರೆ?" ಎಂದರು ಯಜಮಾನರು.

ಬಾಗಿಲಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಅಜ್ಜಿ ನಕ್ಕರು. "ಕಾಯಿಗೆ ಮೂರು ಕಣ್ಣೈತೆ ಕಣಪ್ಪ. ನೋಡ್ಕಂಡೇ ಬೀಳ್ತದೆ. ಮನಿಕ್ಕ."

ಒಳಗಿನ ಕೊಬ್ಬರಿ ಪೂರ್ತಿ ಒಣಗಿದಾಗ ಚಿಪ್ಪು ಬಿಟ್ಟುಕೊಂಡು, ಕಾಯಿ ಅಲ್ಲಾಡಿದರೆ ಗುಡುಗುಡು ಎನ್ನುತ್ತದಂತೆ. ಅಜ್ಜಿ ಆ ಸದ್ದಿಗೇ ಕಿವಿಗೊಟ್ಟು ಕಾಯುತ್ತಿದ್ದರು. ನಾನು ಹಸಿರು ಕನಸೊಂದರಲ್ಲಿ ನಮ್ಮ ಮರದ ತುಂಬ ಗೊನೆ ಕಾಣುತ್ತಿದ್ದೆ. ಅಷ್ಟರಲ್ಲಿ ಅಜ್ಜಿಯ ಕೂಗು ಕೇಳಿತು.

"ಲೇ, ಏಣಿ ಹಾಕೇ! ಅಟ್ಟದಾಗೆ ಕಾಯೆಲ್ಲ ಉರುಳ್ತಾ ಅವೆ, ಇಲಿ ನುಗ್ಗೈತೆ!"

ಸೊಸೆ ಕೋಲು ಹಿಡಿದು ಏಣಿ ಹತ್ತಿದಳು. ಅಲ್ಲಿಂದ ಕೆಳಗೆ ಇಣುಕಿ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅತ್ತೆ, ಸದ್ದು ಅಟ್ಟದ್ದಲ್ಲ. ಚಾಪೆ ಮ್ಯಾಲಿಂದು."

ಯಜಮಾನರು ಗೊರಕೆ ನಿಲ್ಲಿಸಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಗಮನವಿಟ್ಟು ಕೇಳಿ ಹೇಳಿದರು: "ಚೆನ್ನಾಗಿ ಒಣಗೈತೆ."

ತಾಲೀಮು

ಸಂಜೆ ತೋಟದಲ್ಲಿ ನಡೆಯುವಾಗ ನಮ್ಮ ಮರದ ವಿಚಾರ ಹೇಳಿದೆ. ಗೊಬ್ಬರ, ಉಪ್ಪು, ಬೇವಿನ ಹಿಂಡಿ, ಎಲ್ಲ ಆಗಿದೆ ಎಂದೆ.

"ಅದೆಲ್ಲ ಸರಿ. ಗದರಿಸಿದ್ದೀಯಾ?" ಎಂದು ಕೇಳಿದರು ಅಜ್ಜಿ.

ವಿಷಯ ಹೀಗೆ. ಕಾಯಿ ಬಿಡದ ಮರದ ಮುಂದೆ ಒಬ್ಬರು ಮಚ್ಚು ಹಿಡಿದು "ಕಡೀತೀನಿ" ಎಂದು ಬೈಯಬೇಕು. ಇನ್ನೊಬ್ಬರು ಅಡ್ಡ ಬಂದು "ಬುಟ್ಬುಡು, ಬರೋ ವರ್ಷ ಬುಡ್ತದೆ" ಎಂದು ಬೇಡಿಕೊಳ್ಳಬೇಕು. ಬೇಡಿಕೊಂಡವರೇ ಮರಕ್ಕೆ ಜಾಮೀನು. ಆಮೇಲೆ ಅವರು ಅದರ ಮೇಲೆ ಕೊಡಲಿ ಎತ್ತುವಂತಿಲ್ಲ.

ಕೊಟ್ಟಿಗೆಯ ಹಿಂದಿದ್ದ ಬಂಜೆ ಮರದ ಮುಂದೆ ನಮಗೆ ತಾಲೀಮು ಆಯಿತು. ನಾನು ಮಚ್ಚು ಎತ್ತಿ, ಗಂಟಲು ಸರಿಪಡಿಸಿಕೊಂಡು ಹೇಳಿದೆ: "ನೋಡಿ, ತಾವು ಹೀಗೆ ಮಾಡುವುದು ಸರಿಯಲ್ಲ."

ಅಜ್ಜಿ ಹಣೆ ಚಚ್ಚಿಕೊಂಡರು. "ಮರಕ್ಕೆ ಇಷ್ಟು ಮರ್ಯಾದೆ ಕೊಟ್ರೆ ಅದ್ಯಾಕವ್ವ ಕಾಯಿ ಬುಟ್ಟಾತು? ಸುಖವಾಗಿ ನಿಂತಿರ್ತದೆ. ನಿನ್ನ ಹೊಟ್ಟೇಲಿರೋ ಬೈಗುಳ ಬರ್ಬೇಕು!" ಆಮೇಲೆ ಯಜಮಾನರ ಕಡೆ ತಿರುಗಿದರು. "ಈಗ ನೀನು ಅಡ್ಡ ಬಾ."

ಯಜಮಾನರು ಮುಂದೆ ಬಂದು ಗಂಭೀರವಾಗಿ ಹೇಳಿದರು: "ಕಡಿದುಬಿಡು."

ಜಾಮೀನು

ಮೈಸೂರಿಗೆ ಬಂದೆವು. ಗದರಿಕೆಯನ್ನು ಉಪಾಯದ ಲೆಕ್ಕಕ್ಕೆ ಸೇರಿಸಲು ಒಪ್ಪದ ಯಜಮಾನರು ಮೇಸ್ತ್ರಿಗೆ ಹೇಳಿಯೇಬಿಟ್ಟರು. ಮೇಸ್ತ್ರಿ ಶೆಡ್ಡಿಗೆ ಅಳತೆ ತೆಗೆಯಲು ಬರುವ ಬೆಳಿಗ್ಗೆ. ಎಳೆ ಬಿಸಿಲಿನಲ್ಲಿ ನನ್ನ ಮರ ನಿದ್ದೆಗಣ್ಣಿನಲ್ಲಿ ತೂಗುತ್ತಿತ್ತು, ಏನೂ ತಿಳಿಯದ ಹಾಗೆ. ಇದೇ ಕೊನೆಯ ಅವಕಾಶ. ಯಜಮಾನರು ವರಾಂಡದಲ್ಲಿ ಪೇಪರಿನ ಹಿಂದೆ ಇದ್ದರು. ಅವರನ್ನು ನಂಬಿ ಪ್ರಯೋಜನವಿಲ್ಲವೆಂದು ಕರೆಯದೆ, ಮಚ್ಚು ಹಿಡಿದು ಒಬ್ಬಳೇ ನಿಂತೆ. ಅಜ್ಜಿಯನ್ನು ನೆನೆದೆ. ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂತು.

"ನಿನಗೆ ನಾನೇನು ಕಡಿಮೆ ಮಾಡಿದ್ದೇನೆ? ಹೊತ್ತು ಹೊತ್ತಿಗೆ ಎಲ್ಲ ಕಾಲಬುಡಕ್ಕೇ ಬರಬೇಕು! ಇಷ್ಟು ವರ್ಷ ಸುಮ್ಮನೆ ನಿಂತು ಗಾಳಿ ಕುಡಿದದ್ದು ಬಿಟ್ಟರೆ ಈ ಮನೆಗೆ ನಿನ್ನಿಂದ ಏನು ಉಪಯೋಗ? ಬೆಳೆದದ್ದು ಎತ್ತರ ಒಂದೇ! ಇವತ್ತು ಎರಡರಲ್ಲಿ ಒಂದು ತೀರ್ಮಾನ ಆಗಬೇಕು!"

ವರಾಂಡದಲ್ಲಿ ಪೇಪರ್ ಕೆಳಗೆ ಬಿತ್ತು. ಯಜಮಾನರು ಚಪ್ಪಲಿಯಿಲ್ಲದೆ ಓಡಿ ಬಂದು, ಎರಡೂ ಕೈ ಎತ್ತಿ ನನ್ನೆದುರು ನಿಂತರು.

"ಇದೊಂದು ಸಲ ಬಿಟ್ಟುಬಿಡು ಮಾರಾಯ್ತಿ! ನಾಳೆಯಿಂದ ಮಾರ್ಕೆಟ್ಟಿಗೆ ನಾನೇ ಹೋಗಿ ತರಕಾರಿ ತರ್ತೀನಿ!"

ಗೇಟಿನಲ್ಲಿ ಮೇಸ್ತ್ರಿ ಟೇಪು ಹಿಡಿದು ನಿಂತಿದ್ದ. ಸಾಕ್ಷಿಯೂ ಸಿಕ್ಕಿತು. ಬೇಡಿಕೊಂಡದ್ದು ಯಾರ ಪರವಾಗಿಯೇ ಇರಲಿ, ಬೇಡಿಕೊಂಡವರೇ ಜಾಮೀನು. ಮೇಸ್ತ್ರಿಯನ್ನು ಕಾಫಿ ಕೊಟ್ಟು ಕಳಿಸಿದೆ.

ಮಳೆಗಾಲ ಕಳೆದ ಮೇಲೆ ಮರ ಮೊದಲ ಹೊಂಬಾಳೆ ಬಿಟ್ಟಿತು. ಅಜ್ಜಿಗೆ ಫೋನು ಮಾಡಿ ತಿಳಿಸಿದೆ. ತರಕಾರಿ ಮಾತ್ರ ಮರುದಿನದಿಂದಲೇ ಬರುತ್ತಿದೆ ಎಂದೂ ಹೇಳಿದೆ.

"ಮರ ನಿಧಾನ ಕಣವ್ವ," ಎಂದರು ಅಜ್ಜಿ. "ಅದಕ್ಕೆ ಹೆದರಿಕೆ ಬೇರಿಂದ ತುದಿಗೆ ಹತ್ಬೇಕಲ್ಲ."