ಆಮೆಗೆ ಹತ್ತಕ್ಕೆ ಹತ್ತು

ಸುತ್ತೋಲೆಯಲ್ಲಿ ಇದ್ದದ್ದು ನಾಲ್ಕೇ ಸಾಲು. ಮೇಲ್ವಿಚಾರಕರ ಹುದ್ದೆ ಖಾಲಿ ಇದೆ. ನಿಮ್ಮ ಸಹೋದ್ಯೋಗಿಗಳಲ್ಲಿ ಯಾರು ಅದಕ್ಕೆ ತಕ್ಕವರೆಂದು ಇವತ್ತು ಸಂಜೆ ನಾಲ್ಕರೊಳಗೆ ಮುಖ್ಯ ಕಚೇರಿಗೆ ಇಮೇಲ್ ಮಾಡಿ. ಬರೆದವರ ಹೆಸರು ಬೇಕಾಗಿಲ್ಲ. ತಮ್ಮನ್ನು ತಾವೇ ಸೂಚಿಸಿಕೊಂಡವರನ್ನು ಪರಿಗಣಿಸಲಾಗುವುದಿಲ್ಲ.

ಏಣಿ ತಯಾರಿಸುವ ಕಂಪನಿಯೊಂದರ ಆ ಶಾಖಾ ಕಚೇರಿಯಲ್ಲಿ ಹನ್ನೊಂದು ಮಂದಿ ಇದ್ದರು. ಅವರಲ್ಲೊಬ್ಬನಾದ ರವಾನೆ ಗುಮಾಸ್ತ ಸುತ್ತೋಲೆಯನ್ನು ಮೂರು ಸಲ ಓದಿದ. ಒಂಬತ್ತು ವರ್ಷಗಳಿಂದ ಅವನು ಎಲ್ಲ ಅಳತೆಯ ಏಣಿಗಳನ್ನೂ ಊರೂರಿಗೆ ಕಳಿಸಿದ್ದ. ತಾನು ಮಾತ್ರ ಒಂದು ಮೆಟ್ಟಿಲೂ ಹತ್ತಿರಲಿಲ್ಲ. ಅವನ ಕಣ್ಣಿದ್ದದ್ದು ಹುದ್ದೆಯ ಮೇಲಲ್ಲ, ಅದರ ಜೊತೆ ಸಿಗುವ ಕೋಣೆಯ ಮೇಲೆ. ಸರಿಯಾಗಿ ಹೇಳಬೇಕೆಂದರೆ ಆ ಕೋಣೆಯ ಬಾಗಿಲಿನ ಮೇಲೆ. ಅವನ ಮೇಜು ಕುಡಿಯುವ ನೀರಿನ ಫಿಲ್ಟರಿನ ಪಕ್ಕದಲ್ಲಿತ್ತು. ನೀರಿಗೆ ಬಂದವರೆಲ್ಲ ಲೋಟ ತುಂಬುವವರೆಗೆ ಅವನ ಕಂಪ್ಯೂಟರಿನ ಪರದೆ ಓದುತ್ತ ನಿಲ್ಲುತ್ತಿದ್ದರು. ಆ ಫಿಲ್ಟರಿನ ನಲ್ಲಿಯಲ್ಲಿ ನೀರು ಬಹಳ ಸಣ್ಣಗೆ ಬರುತ್ತಿತ್ತು.

ತನ್ನನ್ನು ಯಾರಾದರೂ ಸೂಚಿಸುವರೇ ಎಂದು ಅವನು ಹತ್ತು ಮುಖಗಳನ್ನೂ ಒಂದೊಂದಾಗಿ ನೆನೆಸಿಕೊಂಡ. ಹತ್ತನೆಯ ಮುಖ ಮುಗಿಯುವ ಹೊತ್ತಿಗೆ, ಆ ಕೆಲಸವನ್ನು ತಾನೇ ಮಾಡಬೇಕೆಂಬುದು ಖಚಿತವಾಯಿತು. ಆದರೆ ಪತ್ರ ತನ್ನ ವಿಳಾಸದಿಂದ ಹೋಗುವಂತಿಲ್ಲ. ಹೊಸ ವಿಳಾಸ ತೆರೆಯೋಣವೆಂದರೆ ಫೋನ್ ನಂಬರ್ ಕೇಳುತ್ತದೆ. ನಂಬರ್ ಕೊಟ್ಟರೆ ಮನೆಯ ಬೀಗದ ಕೈ ಕೊಟ್ಟ ಹಾಗೆ. ಹುಡುಕಿದಾಗ ಇಂಟರ್ನೆಟ್ಟಿನಲ್ಲಿ ಬೇರೊಂದು ದಾರಿ ಸಿಕ್ಕಿತು. ನಮ್ಮ ಪತ್ರ ತೆಗೆದುಕೊಂಡು, ಅದರ ಮೇಲಿನ ಹೆಸರು ವಿಳಾಸ ಅಳಿಸಿ, ಯಾವುದೋ ಸುಳ್ಳು ವಿಳಾಸದಿಂದ ಮುಂದಕ್ಕೆ ದಾಟಿಸುವ ಸೇವೆಗಳಿದ್ದವು. ಪುಕ್ಕಟೆಯಾಗಿ ಮೂರು.

ಬೇರೆಯವರಾಗಿದ್ದರೆ ಮೊದಲನೆಯದನ್ನು ಒತ್ತಿ, ಪತ್ರ ಕಳಿಸಿ, ಹತ್ತು ಗಂಟೆಗೆ ಕಾಫಿಗೆ ಹೋಗಿರುತ್ತಿದ್ದರು. ಆದರೆ ಇವನನ್ನು ಕಚೇರಿಯಲ್ಲಿ ಸುಮ್ಮನೆ ‘ಕೋಷ್ಟಕ’ ಎಂದು ಕರೆಯುತ್ತಿರಲಿಲ್ಲ. ಗೋಡೆ ಗಡಿಯಾರ ಕೊಳ್ಳಲಿ, ಕಸದ ಬುಟ್ಟಿ ಕೊಳ್ಳಲಿ, ಮೂರು ಅಂಗಡಿಯ ಮಾಲು ಹೋಲಿಸಿ, ಗೆರೆ ಎಳೆದು, ಕ್ರಮಸಂಖ್ಯೆ ಕೊಟ್ಟು, ಕೊನೆಯಲ್ಲಿ ‘ಷರಾ’ ಎಂಬ ಕಲಂ ತುಂಬಿದ ಮೇಲೆಯೇ ಅವನಿಗೆ ಸಮಾಧಾನ. ಮದುವೆಗೆ ಮುಂಚೆ ಇಂಥದೇ ಒಂದು ಕೋಷ್ಟಕ ಹಾಕಿದ್ದನಂತೆ. ಅದರ ಷರಾವನ್ನು ಹೆಂಡತಿ ಇನ್ನೂ ಕ್ಷಮಿಸಿಲ್ಲವಂತೆ.

ಮೂರು ಸೇವೆಗಳ ಹೆಸರೂ ನಾಲಿಗೆ ತಿರುಗದಂಥವು. ಅವನು ಅವಕ್ಕೆ ಮೊಲ, ಬೆಕ್ಕು, ಆಮೆ ಎಂದು ಹೆಸರಿಟ್ಟ. ಪ್ರತಿಯೊಂದರಿಂದಲೂ ತನಗೇ ಎರಡೆರಡು ಪರೀಕ್ಷಾ ಪತ್ರ ಕಳಿಸಿಕೊಂಡು, ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡ. ಮೊಲದ ಪತ್ರ ನಾಲ್ಕು ಸೆಕೆಂಡಿನಲ್ಲಿ ಬಂತು, ಹೆಸರಿನ ಸುಳಿವೂ ಇರಲಿಲ್ಲ. ಬೆಕ್ಕಿನದು ಐವತ್ತು ಸೆಕೆಂಡು. ಹೆಸರು ಅಳಿಸಿತ್ತು, ಆದರೆ ಯಾವ ಊರಿನಿಂದ ಹೊರಟಿತೆಂದು ಕೆಳಗೆ ನಮೂದಿಸಿ, ಅದರ ಪಕ್ಕದಲ್ಲಿ ಹಾಸಿಗೆಯ ಜಾಹೀರಾತು ಹಾಕಿತ್ತು. ಆಮೆಯದು ಬರಲೇ ಇಲ್ಲ.

ಅಷ್ಟರಲ್ಲಿ ಬಂದದ್ದು ಟೈಪಿಸ್ಟ್ ಅಕ್ಕ, ಲೋಟ ಹಿಡಿದುಕೊಂಡು.

“ಏನೋ ಇದು, ಮೊಲ ಬೆಕ್ಕು ಅಂತ ಬರ್ಕೊಂಡಿದ್ದೀಯಾ?” ಎಂದು ಆಕೆ ನೀರಿಗಿಂತ ಮುಂಚೆ ವಿಷಯ ತುಂಬಿಕೊಳ್ಳತೊಡಗಿದಳು. “ಹೆಸರು ಮುಚ್ಚಿಟ್ಟು ಪತ್ರ ಕಳ್ಸೋದಾ? ಯಾರಿಗಪ್ಪಾ?”

“ನನಗಲ್ಲ ಅಕ್ಕಾ. ನನ್ನ ಬಾಮೈದ ಕೇಳಿದ್ದ. ಅವನಿಗೆ ಏನೋ ಖಾಸಗಿ ಕೆಲಸ ಇದೆಯಂತೆ.”

“ಪಾಪ,” ಎಂದಳು ಅಕ್ಕ. ಲೋಟ ತುಂಬಿ ಹರಿದರೂ ಕೋಷ್ಟಕ ಮುಗಿಯುವವರೆಗೆ ಅಲ್ಲಾಡಲಿಲ್ಲ.

ಹನ್ನೊಂದು ಗಂಟೆಗೆ ಹೆಂಡತಿಯ ಫೋನು. ತನ್ನ ತಮ್ಮ ಯಾವ ಹೆಂಗಸಿನ ಗಲಾಟೆಯಲ್ಲಿ ಸಿಕ್ಕಿಬಿದ್ದಿದ್ದಾನೆಂದು ಅವಳಿಗೆ ಆಗಿಂದಾಗಲೇ ಗೊತ್ತಾಗಬೇಕಿತ್ತು. ಟೈಪಿಸ್ಟ್ ಅಕ್ಕ ಫೋನ್ ಮಾಡಿ, ಧೈರ್ಯವಾಗಿರು ಅಂದಿದ್ದಳಂತೆ. ಅವನು ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಬಾಮೈದನೇ ಫೋನ್ ಮಾಡಿ, ತನ್ನ ಮೇಲೆ ಏನು ಆರೋಪ ಬಂದಿದೆಯೆಂದು ಕೇಳಿದ. ಏನೂ ಇಲ್ಲವೆಂದು ಇವನು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಈ ಹತ್ತು ನಿಮಿಷದಲ್ಲಿ ಆಮೆಯ ಎರಡನೆಯ ಪರೀಕ್ಷಾ ಪತ್ರ ಬಂದು ಕೂತಿತ್ತು. ಅದು ತೆಗೆದುಕೊಂಡದ್ದು ಹದಿನೆಂಟು ನಿಮಿಷ. ಮೊದಲನೆಯದು ಅದಾದ ಮೇಲೆ ಬಂತು, ಒಂದೂ ಮುಕ್ಕಾಲು ಗಂಟೆ ಹಿಡಿದು.

ಕಾರಣ ಆಮೆಯ ಪುಟದಲ್ಲೇ ಇತ್ತು. ಹೊರಟ ಹೊತ್ತಿಗೂ ತಲುಪಿದ ಹೊತ್ತಿಗೂ ಯಾರೂ ತಾಳೆ ಹಾಕಬಾರದೆಂದು ಅದು ಪ್ರತಿ ಪತ್ರವನ್ನೂ ಮನಸ್ಸಿಗೆ ಬಂದಷ್ಟು ಹೊತ್ತು ತಡೆದಿಟ್ಟುಕೊಳ್ಳುತ್ತದೆ. ಕಳಿಸಿದವರು ಯಾರೆಂದು ಅದಕ್ಕೇ ಗೊತ್ತಿರುವುದಿಲ್ಲ. ಆದ್ದರಿಂದ ಕಳಿಸಿದವರೇ ಬಂದು ಕೇಳಿದರೂ ಪತ್ರ ವಾಪಸು ಕೊಡುವುದಿಲ್ಲ. ಅವನಿಗೆ ರೋಮಾಂಚನವಾಯಿತು. ‘ಗುಟ್ಟು’ ಎಂಬ ಕಲಮಿನಲ್ಲಿ ಆಮೆಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟ. ಒಟ್ಟು ಅಂಕದಲ್ಲಿ ಮಾತ್ರ ಮೊಲವೇ ಪ್ರಥಮ.

ಊಟದ ಹೊತ್ತಿಗೆ ಕಚೇರಿಯಲ್ಲಿ ಎಲ್ಲರಿಗೂ ವಿಪರೀತ ಬಾಯಾರಿಕೆ ಶುರುವಾಯಿತು. ಸೇಲ್ಸಿನವನು ಮೂರು ಸಲ ಬಂದ. ಬಾಟಲಿ ಹಿಡಿದು ಬಂದ ಗೋದಾಮಿನ ದೊಡ್ಡಪ್ಪ, ಇವನಿಗೆ ನೆಂಟರಲ್ಲದಿದ್ದರೂ ವಯಸ್ಸಿನಿಂದ ಇಡೀ ಕಚೇರಿಗೆ ದೊಡ್ಡಪ್ಪ, ಅತ್ತಿತ್ತ ನೋಡಿ ದನಿ ಇಳಿಸಿದರು.

“ಮಗಾ, ಆ ಕಾಗದದ್ದು ನಂಗೂ ಒಂದು ಕಾಪಿ ಕೊಡು.”

“ನಿಮಗ್ಯಾಕೆ ದೊಡ್ಡಪ್ಪಾ?”

“ನಂಗಲ್ಲ. ನನ್ನ ಬಾಮೈದನಿಗೆ.”

ದೊಡ್ಡಪ್ಪನ ಬಾಮೈದನಿಗೆ ಅರವತ್ತೆಂಟು ವರ್ಷ. ಕೆಪ್ಪ. ಆದರೂ ಕೊಟ್ಟ. ತನ್ನ ಕೋಷ್ಟಕವನ್ನು ಯಾರೋ ತಾವಾಗಿ ಕೇಳಿದ್ದು ಅವನ ಸೇವಾವಧಿಯಲ್ಲೇ ಮೊದಲು. ಎರಡು ಗಂಟೆಯೊಳಗೆ ಹತ್ತು ಪ್ರತಿ ಹೋದವು. ಬಾಮೈದನೇ ಇಲ್ಲದ ಸೇಲ್ಸಿನವನು ಕೂಡ ಬಾಮೈದನಿಗೆಂದೇ ಒಯ್ದ. ಇಷ್ಟು ಮಂದಿಯ ಬಾಮೈದಂದಿರು ಒಂದೇ ದಿನ ಗುಟ್ಟಾಗಿ ಪತ್ರ ಬರೆಯಲು ಹೊರಟಿರುವುದೇಕೆ ಎಂದು ಅವನಿಗೆ ಹೊಳೆಯಲಿಲ್ಲ. ಅವನು ಕೋಷ್ಟಕಕ್ಕೆ ಬಣ್ಣ ತುಂಬುತ್ತಿದ್ದ.

ಮೂರು ಗಂಟೆಗೆ ತನ್ನ ಪತ್ರಕ್ಕೆ ಕೈ ಹಾಕಿದ. ಪತ್ರವನ್ನೂ ಗೆರೆ ಎಳೆದೇ ಬರೆದ, ಬೇರೆ ರೀತಿ ಬರೆಯಲು ಅವನಿಗೆ ಬರುತ್ತಿರಲಿಲ್ಲ. ವಿಷಯ: ರವಾನೆ ಗುಮಾಸ್ತರ ಅರ್ಹತೆ. ಕ್ರಮಸಂಖ್ಯೆ ಒಂದು, ಗುಣ: ವಿನಯ, ಪ್ರಮಾಣ: ಅಪಾರ, ಷರಾ: ತಮ್ಮ ಬಗ್ಗೆ ಎಂದೂ ಒಂದು ಮಾತೂ ಹೇಳಿಕೊಂಡವರಲ್ಲ. ಹೀಗೆ ಹದಿನಾಲ್ಕು ಗುಣಗಳು.

ಮೂರೂ ಮೂವತ್ತಕ್ಕೆ ಮೊಲವನ್ನು ತೆರೆದು, ಪತ್ರಕ್ಕಾಗಿ ಹೊಸ ಖಾತೆ ಕೇಳಿದ. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ನಿಮ್ಮ ಕಟ್ಟಡದಿಂದ ಇವತ್ತು ಮಿತಿಗಿಂತ ಹೆಚ್ಚು ಖಾತೆಗಳು ತೆರೆದಿವೆ, ನಾಳೆ ಪ್ರಯತ್ನಿಸಿ. ಬೆಳಗಿನ ಪರೀಕ್ಷಾ ಖಾತೆಯನ್ನು ಗುಟ್ಟಿನ ದೃಷ್ಟಿಯಿಂದ ಅವನೇ ಅಳಿಸಿಹಾಕಿದ್ದ. ತಲೆಯೆತ್ತಿ ನೋಡಿದರೆ ಇಡೀ ಕಚೇರಿ ಪರೀಕ್ಷೆ ಬರೆಯುವ ಮಕ್ಕಳ ಹಾಗೆ ಕೀಬೋರ್ಡಿನ ಮೇಲೆ ಬಗ್ಗಿತ್ತು. ಹತ್ತೂ ಮಂದಿಯ ಮುಖದಲ್ಲಿ, ತಮ್ಮನ್ನು ಹೊಗಳಿಕೊಳ್ಳುವವರಿಗೆ ಮಾತ್ರ ಬರುವ ಆ ಮೃದುವಾದ ನಗು.

ಬೆಕ್ಕು ಊರಿನ ಹೆಸರು ಬಾಯಿಬಿಡುವುದಲ್ಲದೆ, ಹದಿನಾಲ್ಕು ಗುಣಗಳ ಕೆಳಗೆ ಹಾಸಿಗೆಯನ್ನೂ ಮಾರುತ್ತದೆ. ಉಳಿದದ್ದು ಆಮೆ. ಹದಿನೆಂಟು ನಿಮಿಷವಾದರೆ ಬದುಕಿದೆ ಎಂದುಕೊಂಡು ಮೂರೂ ಮೂವತ್ತೆಂಟಕ್ಕೆ ಪತ್ರವನ್ನು ಆಮೆಯ ಬೆನ್ನಿಗೇರಿಸಿದ. ನಾಲ್ಕಾಯಿತು. ಆಮೆಯ ಪುಟದಲ್ಲಿ ಪತ್ರ ತಲುಪಿತೆಂಬ ಸೂಚನೆ ಕಾಣಲಿಲ್ಲ. ಅವನು ಕೈಗಡಿಯಾರ ಕಟ್ಟಿಕೊಂಡು, ಇನ್ನೊಂದು ಒಂಬತ್ತು ವರ್ಷ ಫಿಲ್ಟರಿನ ಪಕ್ಕ ಕೂರಲು ಮನಸ್ಸು ಗಟ್ಟಿ ಮಾಡಿಕೊಂಡ.

ಐದಕ್ಕೆ ಮುಖ್ಯ ಕಚೇರಿಯ ಮೇಡಂ ಬಂದರು. ಎಲ್ಲರನ್ನೂ ನಿಲ್ಲಿಸಿಕೊಂಡು, ಫೋನಿನಲ್ಲಿ ಏನನ್ನೋ ನೋಡುತ್ತ ಮಾತು ಶುರು ಮಾಡಿದರು.

“ಹತ್ತು ಪತ್ರ ಬಂದಿವೆ. ಹತ್ತು ಪತ್ರದಲ್ಲಿ ಹತ್ತು ಹೆಸರು. ಒಬ್ಬರ ಹೆಸರೂ ಎರಡು ಸಲ ಬಂದಿಲ್ಲ. ನಿಮ್ಮ ನಿಮ್ಮಲ್ಲಿ ಎಷ್ಟು ಪ್ರೀತಿ ಇದೆ ಅಂತ ಗೊತ್ತಾಯ್ತು.”

ದೊಡ್ಡಪ್ಪ ಚಪ್ಪಲಿ ನೋಡಿಕೊಂಡರು. ಅಕ್ಕ ಕಿಟಕಿ ನೋಡಿದಳು.

“ಒಬ್ಬರನ್ನ ಮಾತ್ರ ಯಾರೂ ಹೊಗಳಿಲ್ಲ. ಅಂದರೆ ಅವರು ತಮ್ಮನ್ನ ತಾವೂ ಹೊಗಳಿಕೊಂಡಿಲ್ಲ. ನಮಗೆ ಬೇಕಾಗಿರೋದು ಅಂಥವರೇ.” ಮೇಡಂ ರವಾನೆ ಗುಮಾಸ್ತನ ಕೈಗೆ ಕೋಣೆಯ ಕೀಲಿ ಕೊಟ್ಟರು. “ನಾಳೆಯಿಂದ ಅಲ್ಲಿ ಕೂತ್ಕೊಳ್ಳಿ.”

ಚಪ್ಪಾಳೆ ಬಿತ್ತು, ಹೊಟ್ಟೆಯುರಿಯ ಚಪ್ಪಾಳೆಗೆ ಇರುವ ಜೋರಿನಲ್ಲೇ. ಅವನು ಹೋಗಿ ಬಾಗಿಲು ತೆರೆದ, ಮುಚ್ಚಿದ, ಮತ್ತೆ ತೆರೆದ. ಹಿಡಿಕೆ ತಣ್ಣಗಿತ್ತು. ಎರಡನೆಯ ಸಲ ಮುಚ್ಚುವಾಗ ಅವನಿಗೆ ಆಮೆ ನೆನಪಾಯಿತು.

ಪತ್ರ ಸತ್ತಿರಲಿಲ್ಲ, ದಾರಿಯಲ್ಲಿತ್ತು. ಫೋನಿನಲ್ಲಿ ಆಮೆಯ ಸಹಾಯದ ಪುಟ ತೆರೆದು, ಪತ್ರ ತಡೆಯಿರಿ ಎಂದು ಬೇಡಿಕೊಂಡ. ಉತ್ತರ ಎರಡೇ ಸೆಕೆಂಡಿನಲ್ಲಿ ಬಂತು. ಆ ದಿನ ಆಮೆ ತೋರಿಸಿದ ಏಕೈಕ ಚುರುಕುತನ ಅದು. ‘ನೀವು ಯಾರೆಂದು ನಮಗೆ ಗೊತ್ತಿಲ್ಲ. ನಿಮ್ಮ ನಂಬಿಕೆಗೆ ಕೃತಜ್ಞತೆಗಳು.’

ಐದೂ ಇಪ್ಪತ್ತಮೂರಕ್ಕೆ ಮೇಡಂ ಫೋನು ಟಿಂಗ್ ಎಂದಿತು. ಹೊರಡಲು ಚೀಲ ಎತ್ತಿಕೊಂಡಿದ್ದವರು ನಿಂತು ಓದಿದರು. ಆಮೇಲೆ ಬಾಯಿಬಿಟ್ಟು ಓದಿದರು, ಕ್ರಮಸಂಖ್ಯೆ ಸಮೇತ. ಕಳಿಸಿದವರ ಹೆಸರು ಎಲ್ಲೂ ಇರಲಿಲ್ಲ. ಆ ಮಟ್ಟಿಗೆ ಆಮೆ ಮಾತು ಉಳಿಸಿಕೊಂಡಿತ್ತು. ಆದರೆ ‘ಷರಾ’ ಎಂಬ ಪದ ಬಂದೊಡನೆ ಹತ್ತು ತಲೆಗಳೂ ಒಟ್ಟಿಗೆ ಅವನ ಕಡೆ ತಿರುಗಿದವು. ಅಕ್ಕನಂತೂ ತನ್ನ ಮೇಜಿನಿಂದ ಕಸದ ಬುಟ್ಟಿಯ ಕೋಷ್ಟಕ ತಂದು ಮೇಡಂ ಫೋನಿನ ಪಕ್ಕ ಹಿಡಿದು, ಹೋಲಿಸಿ ತೋರಿಸಿದಳು.

ಮೇಡಂ ಕೈ ಚಾಚಿದರು. ಅವನು ಕೀಲಿ ಕೊಟ್ಟ. ಮೇಲ್ವಿಚಾರಕರನ್ನು ಹೊರಗಿನಿಂದಲೇ ಕರೆಸುವುದಾಗಿ ಹೇಳಿದ ಮೇಡಂ, ಅದಕ್ಕೆ ಕಾರಣ ಮೇಲಿನವರಿಗೆ ತೋರಿಸಬೇಕಾಗುತ್ತದೆ ಎಂದರು.

“ಹನ್ನೊಂದು ಪತ್ರಕ್ಕೂ ಸೇರಿಸಿ ಒಂದು ಕೋಷ್ಟಕ ಮಾಡಿಕೊಡಿ. ಅದು ನಿಮಗೆ ಚೆನ್ನಾಗಿ ಬರುತ್ತೆ.”

ಅವನು ತನ್ನ ಹಳೆಯ ಕುರ್ಚಿಯಲ್ಲಿ ಕೂತು ಪರದೆಯ ಮೇಲೆ ಗೆರೆ ಎಳೆಯತೊಡಗಿದ. ಹತ್ತು ಸಾಲು ತುಂಬಿದ. ಹನ್ನೊಂದನೆಯ ಸಾಲಿನ ಷರಾದಲ್ಲಿ ಏನು ಬರೆಯುವುದೆಂದು ತೋಚದೆ ಪೆನ್ಸಿಲು ಕಚ್ಚುತ್ತಿದ್ದಾಗ ಬೆನ್ನ ಹಿಂದೆ ನೀರಿನ ಸದ್ದು ಕೇಳಿಸಿತು.

ಮೇಡಂ ಲೋಟ ಹಿಡಿದು ನಿಂತಿದ್ದರು. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು.

“ಪರವಾಗಿಲ್ಲ, ಬರೀರಿ,” ಎಂದರು ಪರದೆಯಿಂದ ಕಣ್ಣು ತೆಗೆಯದೆ. “ನನಗೇನೂ ಅವಸರ ಇಲ್ಲ.”