ಬೀಟ್‌ರೂಟಿಗೆ ನಾಲ್ಕನೇ ಸೀಟು

ಚಂದ್ರವ್ವ: ಇದಕ್ಕ ಬೀಟ್‌ರೂಟ್ ಅಂತಾರೇನ್ರೀ? ಇಲಿ ಬಾಲ ಇದಕ್ಕಿಂತ ದಪ್ಪ ಇರತೈತಿ.

ಅಣವೀರಪ್ಪ: ಏ, ಕೈ ತಗಿ! ಸೆಕ್ರೆಟರಿ ಬರೂತನಕ ಯಾವ ಟಬ್ಬೂ ಮುಟ್ಟಬಾರದು ಅಂತ ಮಾತಾಗೇತಿ.

ಚಂದ್ರವ್ವ: ನಾ ಎಲ್ಲಿ ಕಿತ್ತೆ? ಬೆರಳಲೆ ಮಣ್ಣ ಸರಿಸಿ ನೋಡಿದೆ, ಅಷ್ಟ. ನಾಚಿಕಿ ಬಂದಿರಬೇಕು ಪಾಪ ಅದಕ್ಕ, ಒಳಗ ಹೋತು.

ಕುರ್ಲಾದ ಒಂದು ಹಳೆಯ ಬಿಲ್ಡಿಂಗಿನ ಟೆರೇಸು ಇದು. ಪಕ್ಕದಲ್ಲಿ ಹೊಸ ಟವರ್ ಎದ್ದ ಮೇಲೆ ಇಲ್ಲಿ ದಿನವಿಡೀ ಬಿಸಿಲು ಬೀಳುವುದು ನೀರಿನ ಟಾಕಿಯ ಹತ್ತಿರದ ಒಂದೇ ಮೂಲೆಗೆ. ಆ ಮೂಲೆ ಚಂದ್ರವ್ವನಿಗೆ ಬೇಕು, ಬೇಸಿಗೆಯ ಸಂಡಿಗೆ ಒಣಗಿಸಲು. ಗಂಡ ಅಣವೀರಪ್ಪನಿಗೂ ಬೇಕು. ಮನುಷ್ಯ ನಿವೃತ್ತನಾಗಿದ್ದಾನೆ, ಅದರ ಮೇಲೆ ಮೊಬೈಲಿನಲ್ಲಿ ಕೈತೋಟದ ವಿಡಿಯೋ ನೋಡಿದ್ದಾನೆ. ಇವೆರಡೂ ಒಂದೇ ಮನೆಯಲ್ಲಿ ಕೂಡಿದರೆ ದೇವರೇ ಕಾಪಾಡಬೇಕು. ಚಳಿಗಾಲದಲ್ಲಿ ಬೀಜ ಹಾಕುವಾಗಲೇ ಸೊಸೈಟಿಯ ಸೆಕ್ರೆಟರಿ ಕಾಶಿನಾಥ ಇಬ್ಬರಿಗೂ ಒಪ್ಪಂದ ಮಾಡಿಸಿದ್ದ. ಶಿವರಾತ್ರಿಯ ಹೊತ್ತಿಗೆ ಮುಷ್ಟಿಗಾತ್ರದ ಒಂದಾದರೂ ಗಡ್ಡೆ ಬಂದರೆ ಮೂಲೆ ಅದನ್ನು ಬೆಳೆದವರಿಗೆ, ಬರದಿದ್ದರೆ ಸಂಡಿಗೆಗೆ. ಶಿವರಾತ್ರಿ ನಿನ್ನೆ ಮುಗಿದಿತ್ತು.

ಚಂದ್ರವ್ವ: ಬೀಜದ ಪಾಕೀಟಿನ ಮ್ಯಾಲ ಚಿತ್ರ ಬರದು ತೋರಿಸಿದ್ರು. ಒಂದ ಬೀಜಕ್ಕ ಮೂರು ನಾಕು ಸಸಿ ಏಳತಾವ, ಒಂದ ಬಿಟ್ಟು ಉಳದದ್ದು ಕೀಳ್ರಿ ಅಂತ. ಕಿತ್ರೇನು ನೀವು?

ಅಣವೀರಪ್ಪ: ಹುಟ್ಟಿದ್ದನ್ನ ಕೀಳೂದು ಯಾವ ನ್ಯಾಯ? ಆ ಪಾಕೀಟ ಬರದಾವ ಎಂದರೆ ಲೋಕಲ್ ಟ್ರೇನಿನ್ಯಾಗ ಅಡ್ಡಾಡ್ಯಾನೇನು? ಮೂರು ಮಂದಿ ಕೂತ ಸೀಟಿಗೆ ನಾಕನೇದಾವ ಬಂದ್ರ ಏನ ಮಾಡತೇವಿ? ತುಸು ಸರಕೋತೇವಿ. ಅಂವಾ ಅರ್ಧಾ ಊರಿ ಕೂಡತಾನ.

ಚಂದ್ರವ್ವ: ಕೂತು?

ಅಣವೀರಪ್ಪ: ಕೂತು ಕಡೀ ಸ್ಟೇಶನ್ನು ಸಿಎಸ್‌ಟಿ ಮುಟ್ಟತಾನ! ನಾ ಹಂಗ ಕೂತ ನೌಕರಿ ಮುಗಿಸೇನಿ. ಕುರ್ಲಾದಾಗ ಹತ್ತಿದಾವ್ಗ ಪೂರಾ ಸೀಟು ಎಂದ ಸಿಕ್ಕೈತಿ? ಮನಶಾರು ಅಡ್ಜಸ್ಟ್ ಆಗತಾರ, ಬೀಟ್‌ರೂಟಿಗೆ ಏನ ಧಾಡಿ?

ಚಂದ್ರವ್ವ: ಸೀಟಿನ್ಯಾಗ ಕೂತಾವ ಕೂತಲ್ಲೇ ದಪ್ಪ ಆಗಬೇಕಾಗಿಲ್ರೀ. ಇದು ಆಗಬೇಕು. ಮತ್ತ ಬೀಟ್‌ರೂಟಿಗೆ ದಾದರ್ ಸ್ಟೇಶನ್ ಬರೂದಿಲ್ಲ, ನಾಕು ಮಂದಿ ಇಳದು ಜಾಗಾ ಬಿಡಾಕ.

ಅಣವೀರಪ್ಪ: ನಿನಗ ಒಕ್ಕಲತನ ಏನ ತಿಳೀತೈತಿ?

ಚಂದ್ರವ್ವ: ನಿಮಗ ತಿಳದಷ್ಟ. ಮೊದಲನೇ ಸರ್ತಿ ಹಾಕಿದ ಬೀಜ ಏಳಲಿಲ್ಲಂತ ದಿನಾ ಅಗದು ಅಗದು ನೋಡಿದಾವ್ರು ಯಾರು? ಬೀಜಕ್ಕ ನಿದ್ದಿ ಆದ್ರೂ ಹತ್ತಬೇಕಲ್ಲ!

ಲಿಫ್ಟ್ ಕೆಟ್ಟಿದ್ದರಿಂದ ಕಾಶಿನಾಥ ಏದುಸಿರು ಬಿಡುತ್ತಲೇ ಮೇಲೆ ಬಂದ. ಬೆಳಗಾವಿ ಕಡೆಯವ, ಮಾತಿನಲ್ಲಿ ಅರ್ಧ ಮರಾಠಿ. ಸೆಕ್ರೆಟರಿಯಾದ ದಿನದಿಂದ ಅವನ ಮುಖದ ಮೇಲೆ ನಗು ಕಂಡವರಿಲ್ಲ.

ಕಾಶಿನಾಥ: ನಿಮ್ಮ ಜಗಳ ಗೇಟಿನತನಾ ಕೇಳಾಕತ್ತೈತಿ. ಚಲಾ, ಲವಕರ, ಲಗೂನ ಮುಗಸ್ರಿ. ಟಾಕಿ ತೊಳ್ಯಾವ್ರು ಬರಾವ್ರದಾರ.

ಅಣವೀರಪ್ಪ: ಮೊದಲ ಕಳ್ಳನ ವಿಷಯ ಮಾತಾಡು. ಆ ನೀಲಿ ಟಬ್ಬಿನ್ಯಾಗಿನ ಮುಕ್ಕಾಲು ಸಸಿ ಯಾರೋ ಕಿತ್ತೊಯ್ದಾರ. ನೀ ಏನ ತನಿಖೆ ಮಾಡಿದಿ?

ಕಾಶಿನಾಥ: ಅಣ್ಣಾ, ನಾಕು ಎಲಿ ಸಲುವಾಗಿ ಮೀಟಿಂಗ ಕರಸಿದ್ರಿ. ಭಾಷಣಾ ಮಾಡಿದ್ರಿ. ಕಳ್ಳ ಸಿಕ್ರ ಒಂದ ವರ್ಷ ಟೆರೇಸ್ ಮ್ಯಾಲ ಕಾಲಿಡಬಾರದು ಅಂತ ರೂಲ್ ಪಾಸ್ ಮಾಡಿಸಿದ್ರಿ. ಬೋರ್ಡಿಗೂ ಹಚ್ಚೇನಿ. ಇನ್ನೇನ ಪೊಲೀಸ್ ನಾಯಿ ತರಸಲೇನು?

ಚಂದ್ರವ್ವ: ಬ್ಯಾಡ ಬಿಡ್ರಿ. ಇವರ ಬೆಳಿ ನೋಡಿ ನಾಯಿ ನಕ್ಕೀತು.

ಹಾಗೆಂದವಳು ಟವರಿನ ಕಡೆ ಮುಖ ತಿರುಗಿಸಿದಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಅಣವೀರಪ್ಪ: ಸರಿ. ಮುಷ್ಟಿ ಅಂದ್ರ ಯಾರ ಮುಷ್ಟಿ? ಕೂಸಿನ ಮುಷ್ಟಿನೂ ಮುಷ್ಟಿನ.

ಚಂದ್ರವ್ವ: ಈಗ ಕೂಸು ಹುಡಕಾಕ ಹೊಂಟ್ರು ನೋಡ್ರಿ!

ಕಾಶಿನಾಥ: ನನ್ನ ಮುಷ್ಟಿ. ಮಾತು ಮುಗೀತು. ಕೀಳ್ರಿ.

ಮೊದಲು ಒಡೆದ ಬಕೆಟ್, ಆಮೇಲೆ ಪೇಂಟಿನ ಡಬ್ಬಿಗಳು. ಅಣವೀರಪ್ಪ ಒಂದೊಂದಾಗಿ ಕಿತ್ತ. ಸೊಪ್ಪೇನೋ ಸೊಗಸಾಗಿ ಬಂದಿತ್ತು. ಅದರ ಕೆಳಗೆ ನಾಲ್ಕು ನಾಲ್ಕು ಕೆಂಪು ದಾರಗಳು ಒಂದಕ್ಕೊಂದು ಸುತ್ತಿಕೊಂಡು ನೇತಾಡುತ್ತಿದ್ದವು.

ಕಾಶಿನಾಥ: ಇದನ್ನ ಹೆಚ್ಚಬೇಕೋ ಹೆಣೀಬೇಕೋ?

ಅಣವೀರಪ್ಪ: ಸಣ್ಣದಾದ್ರ ಏನಾತು? ರಕ್ತಕ್ಕ ಚಲೋ. ಗುಣಾ ಎಲ್ಲಾ ಒಂದ.

ಚಂದ್ರವ್ವ: ಹೌದ್ಹೌದು. ಸೂಜ್ಯಾಗ ಪೋಣಿಸಿ ಹೊಲಕೊಂಡ್ರ ನೆಟ್ಟಗ ರಕ್ತಕ್ಕ ಹೋಗತೈತಿ. ಸೆಕ್ರೆಟರಿಯವರ, ಇನ್ನ ಅಳೆಯೂದು ಏನೈತಿ? ನಾ ಚಾಪಿ ತರತೇನಿ.

ಅಣವೀರಪ್ಪನ ಮುಖ ಬಾಡಿತು. ಸೊಸೈಟಿಯ ನೀರು ಮುಟ್ಟಬಾರದೆಂದು ಮನೆಯಿಂದಲೇ ಬಕೆಟ್ ಹೊತ್ತು ಮೆಟ್ಟಿಲು ಹತ್ತಿದವನು ಅವನು. ತಿಳಿವಳಿಕೆ ಇರಲಿಲ್ಲ ನಿಜ, ಮೈಗಳ್ಳತನವೂ ಇರಲಿಲ್ಲ. ಮೂಲೆ ಹೋದರೆ ನಾಳೆಯಿಂದ ಮನೆಯಲ್ಲಿ ಟಿವಿಯ ಮುಂದೆ ಕುಳಿತು ಹೆಂಡತಿಯ ಕಾಲಿಗೆ ಅಡ್ಡವಾಗುವುದೊಂದೇ ಅವನಿಗೆ ಉಳಿಯುವ ಕೆಲಸ. ಅವನು ನೀಲಿ ಟಬ್ಬಿನ ಕಡೆ ತಿರುಗಿದ.

ಚಂದ್ರವ್ವ: ಅದನ್ಯಾಕ ಕೆದರತೀರಿ? ಕಳ್ಳ ತಿಂದ ಬಿಟ್ಟದ್ದು. ಅದರಾಗ ಏನೂ ಇಲ್ಲ, ಬರ್ರಿ.

ಕಾಶಿನಾಥ: ಇರಲಿ ವೈನಿ, ಯಾಕ ಅವಸರ?

ಅಣವೀರಪ್ಪ ಉಳಿದಿದ್ದ ಒಂದು ಗಿಡದ ಬುಡಕ್ಕೆ ಕೈ ಹಾಕಿ ಎಳೆದ. ಬರಲಿಲ್ಲ. ಎರಡೂ ಕೈ ಹಾಕಿ ಎಳೆದ. ಮಣ್ಣು ಬಿರಿದು, ದುಂಡಗಿನ, ಕಡುಗೆಂಪು ಗಡ್ಡೆಯೊಂದು ಹೊರಗೆ ಬಂತು. ಕಾಶಿನಾಥ ಪಕ್ಕದಲ್ಲಿ ತನ್ನ ಮುಷ್ಟಿ ಹಿಡಿದು ನೋಡಿದ. ಗಡ್ಡೆಯೇ ಒಂದು ತೂಕ ಹೆಚ್ಚು.

ಅಣವೀರಪ್ಪ: ಮೂಲಿ ನಂದು! ಹೇಳಿದ್ನಿಲ್ಲೋ, ಸರಕೊಂಡ ಕೂಡತಾವ ಅಂತ!

ಕಾಶಿನಾಥ: ಅಣ್ಣಾ, ಈ ಟಬ್ಬಿನ್ಯಾಗ ಯಾವೂ ಸರಕೊಂಡಿಲ್ಲ. ಒಂದೊಂದ ದೂರ ದೂರ ಆರಾಮ ಕೂತಾವ. ಕಳ್ಳ ಶಾಣ್ಯಾ ಅದಾನ. ಒಂದ ಬಿಟ್ಟು ಉಳದದ್ದು ಕಿತ್ತಾನ.

ಅಣವೀರಪ್ಪ: ಕಳ್ಳಗ ಎಲ್ಲೀ ಶಾಣ್ಯಾತನ? ಗತಿಗೇಡಿ ನನ್ಮಗ!

ಚಂದ್ರವ್ವ ಸೆರಗಿನ ತುದಿ ಹಿಡಿದು ನಿಂತಿದ್ದಳು. ಬಾಯಿ ಮುಚ್ಚಿಕೊಂಡರೆ ಮೂಲೆ ಗಂಡನ ಪಾಲು. ಬಾಯಿ ಬಿಟ್ಟರೆ ಬೋರ್ಡಿನ ಮೇಲೆ ತನ್ನ ಹೆಸರು. ಅವಳು ಬಹುಶಃ ಸುಮ್ಮನೇ ಇರುತ್ತಿದ್ದಳು. ಆದರೆ ಗೆದ್ದ ಗಂಡಸಿಗೆ ಎಲ್ಲಿ ನಿಲ್ಲಿಸಬೇಕೆಂದು ಯಾವ ಕಾಲಕ್ಕೆ ಗೊತ್ತಾಗಿದೆ?

ಅಣವೀರಪ್ಪ: ಅವನ ಮನ್ಯಾಗ ಹೇಣ್ತಿಗೆ ಅಡಗಿ ಮಾಡಾಕ ಬರೂದಿಲ್ಲೋ ಕಾಶಿನಾಥ. ಬಂದಿದ್ರ ಅಂವಾ ಯಾಕ ಮಂದಿ ಸೊಪ್ಪು ತಪ್ಪಲಾ ಕದ್ದು ತಿಂತಿದ್ದಾ?

ಚಂದ್ರವ್ವ: ಯಾರಿಗ್ರೀ ಅಡಗಿ ಬರೂದಿಲ್ಲ? ಆ ತಪ್ಪಲಾ ತಿಂದಾವ್ರು ನೀವ! ಬೆಳ್ಳೊಳ್ಳಿ ಒಗ್ಗರಣಿ ಕೊಟ್ಟು ಪಲ್ಯ ಮಾಡಿದ್ರ, ರಾಜಗಿರಿ ಸೊಪ್ಪು ಭಾಳ ಎಳೇದೈತಿ ಅಂತ ರೊಟ್ಟಿ ಮ್ಯಾಲ ರೊಟ್ಟಿ ಹಾಕಿಸಿಕೊಂಡು ಉಂಡಿದ್ರಿ!

ಅಣವೀರಪ್ಪ ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡ.

ಅಣವೀರಪ್ಪ: ಅಂದ್ರ... ಕಳ್ಳ ನೀನಾ?

ಚಂದ್ರವ್ವ: ನಾನ. ಪ್ಯಾಟ್ಯಾಗಿನ ಬಾಡಿದ ಸೊಪ್ಪು ತಿಂದು ಸಾಕಾಗಿತ್ತು. ಪಾಕೀಟಿನ್ಯಾಗ ಹೇಳಿದ್ಹಂಗ ಒಂದೊಂದ ಬಿಟ್ಟು ಕಿತ್ತೆ. ಆ ಗಡ್ಡಿ ಆಗಿದ್ದು ನನ್ನ ಕೈಯಿಂದ. ಬೆಳೆದಾಕಿ ನಾನು, ಮೂಲಿ ನಂದು. ಹೌದಲ್ರೀ ಸೆಕ್ರೆಟರಿಯವರ?

ಅಣವೀರಪ್ಪ: ಬೀಜ ಹಾಕಿದಾವ ನಾನು! ನೀರು ಹೊತ್ತಾವ ನಾನು!

ಕಾಶಿನಾಥ: ನೀವು ಬೀಜ ಹಾಕಿ, ನೀರು ಹೊತ್ತು ಬೆಳಸಿದ್ದು ಅಗೋ ಅಲ್ಲಿ ಬಿದ್ದೈತಿ, ದಾರದ ಉಂಡಿ. ಎಲ್ಲಾ ಕಡೆ ಬೀಜ ಅದ, ನೀರು ಅದ. ಇಲ್ಲಷ್ಟ ಗಡ್ಡಿ ಬಂದೈತಿ. ಮೂಲಿ ವೈನಿದು.

ಚಂದ್ರವ್ವನ ಮುಖ ಅರಳಿತು. ಅಣವೀರಪ್ಪ ಒಂದು ಕ್ಷಣ ಕಂಗಾಲಾದ. ಮರುಕ್ಷಣವೇ ಅವನ ಕಣ್ಣು ಮಿಂಚಿತು.

ಅಣವೀರಪ್ಪ: ರೂಲ್! ಕಳ್ಳ ಸಿಕ್ಕಾತು, ರೂಲ್ ಎಲ್ಲಿ ಹೋತು? ಒಂದ ವರ್ಷ ಟೆರೇಸ್ ಮ್ಯಾಲ ಕಾಲಿಡಾಂಗಿಲ್ಲ. ಇಳಸು ಆಕಿನ್ನ!

ಕಾಶಿನಾಥ: ಹೌದು ವೈನಿ. ಪಾಸ್ ಆದ ರೂಲ್. ನನ್ನ ಕೈಯಾಗ ಏನಿಲ್ಲ. ಕೆಳಗ ಇಳೀರಿ.

ಅಣವೀರಪ್ಪ: ಮೂಲಿ ನಿಂದ ಆಗಲಿ, ಬಂಗಾರದಂಥಾ ಮೂಲಿ. ಮನ್ಯಾಗ ಕೂತು ಅದರ ಫೋಟೋ ನೋಡಕೋತ ಇರು!

ಚಂದ್ರವ್ವ ಬಾಗಿಲು ದಾಟಿ ಮೊದಲ ಮೆಟ್ಟಿಲ ಮೇಲೆ ನಿಂತಳು. ಸೆರಗು ಸರಿಪಡಿಸಿಕೊಂಡು ತಿರುಗಿದಳು.

ಚಂದ್ರವ್ವ: ಸೆಕ್ರೆಟರಿಯವರ, ಮೆಟ್ಟಲಾ ಟೆರೇಸಿನ್ಯಾಗ ಬರತಾವೇನು?

ಕಾಶಿನಾಥ: ಇಲ್ಲ.

ಚಂದ್ರವ್ವ: ನಮ್ಮ ಮನಿಯವ್ರ ಮ್ಯಾಲ ಏನರೆ ರೂಲ್ ಐತೇನು?

ಕಾಶಿನಾಥ: ಇಲ್ಲ.

ಚಂದ್ರವ್ವ: ಹಂಗಾರ ನಾ ಇಲ್ಲೇ ಕುರ್ಚಿ ಹಾಕ್ಕೊಂಡು ಕೂಡತೇನಿ. ಏನ್ರೀ, ನಾಳಿ ಮುಂಜಾನೆದ್ದು ಹಿಟ್ಟಿನ ಭಾಂಡೆ ನೀವ ಹೊತಗೊಂಡು ಬರ್ರಿ. ಚಾಪಿ ಹಾಸ್ರಿ, ಸಂಡಿಗಿ ಹಾಕ್ರಿ, ಸಂಜೀತನಾ ಕಾಯರಿ. ಮೂಲಿ ನಂದು, ಮನಿ ನಮ್ಮದು, ಬ್ಯಾಸಗಿ ಪೂರಾ ಐತಿ.

ಅಣವೀರಪ್ಪ ಕಾಶಿನಾಥನ ಕಡೆ ನೋಡಿದ. ಕಾಶಿನಾಥ ಟಾಕಿಯ ಕಡೆ ನೋಡಿದ. ಸೆಕ್ರೆಟರಿಯಾದ ಮೇಲೆ ಮೊದಲ ಸಲ ಅವನು ನಗುತ್ತಿದ್ದ.

ಅಣವೀರಪ್ಪ: ಕಾಗಿ ಬಂದ್ರ? ಒಂದ ಬಡಿಗಿ ಆದ್ರೂ ಕೊಡತೀಯೋ ಇಲ್ಲೋ?

ಚಂದ್ರವ್ವ: ಬಡಿಗಿ ಯಾಕ್ರೀ? ನೀವು ಮಾತು ಸುರು ಮಾಡ್ರಿ. ಒಂದ ಕಾಗೀನೂ ಕೂಡೂದಿಲ್ಲ.